ಚಿಕ್ಕಪ್ಪನ ಟೈಮ್ ಟೇಬಲ್

ವಿಜಯಪುರದಲ್ಲಿ ಇರೋರು ಗೋಲಗುಮ್ಮಟ ಹತ್ತೋದು ಮನೆಗೆ ನೆಂಟರು ಬಂದಾಗ ಮಾತ್ರ. ಉಳಿದ ದಿನ ಮಾಳಿಗೆ ಮೇಲೆ ಬಟ್ಟೆ ಒಣಗಿಸುವಾಗ ಕಣ್ಣಿಗೆ ಬೀಳುತ್ತೆ, ಅಷ್ಟು ಸಾಕು. ಮೈಸೂರಿನಿಂದ ಚಿಕ್ಕಪ್ಪ, ಚಿಕ್ಕಮ್ಮ ಬರ್ತಾರೆ ಅಂದಾಗಲೇ ನನ್ನ ಮೊಣಕಾಲಿಗೆ ವಿಷಯ ತಿಳಿದುಹೋಗಿತ್ತು.

ಚಿಕ್ಕಪ್ಪ ಸ್ಟೇಷನ್ ಮಾಸ್ಟರ್ ಆಗಿ ರಿಟೈರ್ ಆದವರು. ರಾತ್ರಿ ಊಟ ಆದ ಮೇಲೆ ಜೇಬಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದು ಓದಿದರು. ‘ಗೋಲಗುಮ್ಮಟ, ಆಗಮನ 8.00, ನಿರ್ಗಮನ 9.00. ಜುಮ್ಮಾ ಮಸೀದಿ, ಆಗಮನ 9.20...’ ಹೀಗೆ ಸಾಗಿ ಇಬ್ರಾಹಿಂ ರೋಜಾ 12.45ಕ್ಕೆ. ಪಾಪ, ಬಾರಾ ಕಮಾನಿಗೆ ಐದೇ ನಿಮಿಷದ ನಿಲುಗಡೆ. ಗೈಡ್ ಬೇಡ, ಆಟೋ ಬೇಡ, ಎಲ್ಲಾ ನಾವೇ ನಡೆದು ನೋಡೋದು.

‘ರಾಜರ ಊರು ನಡೆದೇ ನೋಡಬೇಕು,’ ಅಂದರು.

‘ರಾಜರು ನಡೀತಿದ್ರೇನ್ರೀ?’ ಅಂತ ಚಿಕ್ಕಮ್ಮ ಕೇಳಿದರು. ಅದಕ್ಕೆ ನೋಟ್‌ಬುಕ್‌ನಲ್ಲಿ ಉತ್ತರ ಇರಲಿಲ್ಲ.

ಬೆಳಿಗ್ಗೆ ಗೋಲಗುಮ್ಮಟದ ಮುಂದೆಯೇ ಟಾಂಗಾದವನೊಬ್ಬ ಗಂಟು ಬಿದ್ದ. ‘ಬರ್ರಿ ಯಜಮಾನ್ರ, ಎಲ್ಲಾ ತೋರಸ್ತೀನಿ, ಮುನ್ನೂರು ಕೊಡ್ರಿ.’ ಚಿಕ್ಕಪ್ಪ ಕೆಂಪು ಸಿಗ್ನಲ್ ತೋರಿಸುವ ಹಾಗೆ ಕೈ ಎತ್ತಿದರು. ‘ಎರಡೂವರಿ ಕೊಡ್ರಿ.’ ನಾವು ಒಳಗೆ ನಡೆದೆವು. ಟಿಕೆಟ್ ತರುತ್ತೇನೆ ಅಂತ ಹೋದ ಚಿಕ್ಕಪ್ಪ ಬರೋದು ಯಾಕೋ ಸ್ವಲ್ಪ ತಡವಾಯಿತು. ಆಗ ನಮಗೆ ಅನುಮಾನ ಬರಲಿಲ್ಲ.

ಗುಮ್ಮಟದ ಕೆಳಗೆ ನಿಂತು ತಲೆ ಎತ್ತಿದರೆ ಎಂಥವರೂ ಒಂದು ಗಳಿಗೆ ಸುಮ್ಮನಾಗ್ತಾರೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಗೋರಿ ಇದು. ಹೊರಗಿನಿಂದ ಅಳೆದರೆ ಗುಮ್ಮಟ ಸುಮಾರು 44 ಮೀಟರ್ ಅಗಲ, ನಡುವೆ ಒಂದೇ ಒಂದು ಕಂಬ ಇಲ್ಲ. ಒಂದನ್ನೊಂದು ಹಾಯ್ದುಹೋಗುವ ಕಮಾನುಗಳು ಚೌಕದ ಗೋಡೆಯನ್ನ ಮೇಲೆ ಹೋಗ್ತಾ ಹೋಗ್ತಾ ದುಂಡಗೆ ಮಾಡಿ, ಅಷ್ಟು ದೊಡ್ಡ ಗುಮ್ಮಟವನ್ನ ಹೊತ್ತು ನಿಂತಿವೆ. ಇಷ್ಟನ್ನ ಚಿಕ್ಕಪ್ಪ ಓದಿ ಹೇಳಿ, ಗಡಿಯಾರ ನೋಡಿ, ‘ಹತ್ತಿ’ ಅಂದರು.

ಹತ್ತಿದೆವು. ಮೂಲೆಯ ಮಿನಾರಿನೊಳಗಿನ ಮೆಟ್ಟಿಲು ಇಕ್ಕಟ್ಟು. ಮೇಲಿನಿಂದ ಇಳಿಯುತ್ತಿದ್ದ ಶಾಲೆ ಮಕ್ಕಳು ‘ಸರೀರೀ, ಸರೀರೀ’ ಅಂತ ನಮ್ಮನ್ನ ಗೋಡೆಗೆ ಅಂಟಿಸಿ ಹೋದರು. ಏಳು ಅಂತಸ್ತು. ಪ್ರತಿ ಅಂತಸ್ತಿನ ಕಿಂಡಿಯಲ್ಲೂ ಚಿಕ್ಕಮ್ಮ ‘ಗಾಳಿ ಚೆನ್ನಾಗಿದೆ’ ಅಂತ ನಿಂತರು. ಗಾಳಿ ಅಲ್ಲಾಡ್ತಾನೇ ಇರಲಿಲ್ಲ.

ಪಿಸುಗುಟ್ಟುವ ಗ್ಯಾಲರಿಯಲ್ಲಿ ಚಿಕ್ಕಮ್ಮನನ್ನ ಆಚೆ ಬದಿಗೆ ಕಳಿಸಿ, ಚಿಕ್ಕಪ್ಪ ಈಚೆ ಕೂತರು. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಮಾತಾಡಿದರೆ ಎದುರಿನ ಗೋಡೆಗೆ ಕಿವಿ ಕೊಟ್ಟವರಿಗೆ ಸ್ಪಷ್ಟ ಕೇಳುತ್ತೆ. ಇನ್ನೊಂದು ಹಿಂಡು ಮಕ್ಕಳು ಅಲ್ಲಿ ಕೂಗು ಹಾಕ್ತಾ ಇದ್ದರು. ಒಂದು ಕೂಗಿಗೆ ಏಳು ಸಲ ಪ್ರತಿಧ್ವನಿ ಅಂತಾರೆ, ಆವತ್ತು ಲೆಕ್ಕ ಇಡೋ ಪರಿಸ್ಥಿತಿ ಇರಲಿಲ್ಲ. ಈ ಗಲಾಟೆಯಲ್ಲಿ ಪ್ರಯೋಗ ಆಗಲ್ಲ ಅಂತ ಚಿಕ್ಕಪ್ಪ ಗೋಡೆಗೆ ಒರಗಿ, ನನ್ನ ಕಡೆ ಬಾಗಿ ಗುಟ್ಟಾಗಿ ಹೇಳಿದರು. ‘ಗೇಟ್ ಹತ್ರ ಮಿರ್ಚಿ ಭಜಿ ಭಾಳ ಚೆನ್ನಾಗಿತ್ತು ಕಣೇ. ಎರಡೇ ತಿಂದೆ. ನಿಮ್ಮ ಚಿಕ್ಕಮ್ಮಂಗೆ ಹೇಳಬೇಡ.’

ಸರಿಯಾಗಿ ಆ ಹೊತ್ತಿಗೇ ಮೇಷ್ಟ್ರು ಗದರಿಸಿ ಮಕ್ಕಳು ಗಪ್‌ಚಿಪ್ ಆಗಿದ್ದರು. ಗೋಡೆಯೊಳಗಿಂದ ಚಿಕ್ಕಮ್ಮನ ದನಿ ಬಂತು. ‘ಎಷ್ಟು ತಿಂದ್ರಿ?’

ಚಿಕ್ಕಪ್ಪ ಉಸಿರು ಬಿಗಿ ಹಿಡಿದರು. ಅವರ ಬದಲು ಎಲ್ಲೋ ನಡುವೆ ಗೋಡೆಗೆ ಕಿವಿ ಹಚ್ಚಿ ಕೂತಿದ್ದ ಹುಡುಗನೊಬ್ಬ ಉತ್ತರ ಕೊಟ್ಟ. ‘ಎರಡ ತಿಂದಾರಂತ್ರೀ ಅಜ್ಜಾರು!’

ಗುಮ್ಮಟ ಅದನ್ನ ಎಲ್ಲರಿಗೂ ಇನ್ನೊಮ್ಮೆ, ಮತ್ತೊಮ್ಮೆ ಹೇಳಿತು. ಮಿರ್ಚಿಗಿಂತ ‘ಅಜ್ಜಾರು’ ಅನ್ನೋದೇ ಚಿಕ್ಕಪ್ಪನಿಗೆ ಜಾಸ್ತಿ ನಾಟಿತು ಅಂತ ಕಾಣುತ್ತೆ. ಆಮೇಲೆ ಜುಮ್ಮಾ ಮಸೀದಿವರೆಗೂ ಮಾತಿಲ್ಲ.

ಗೇಟಿನ ಹೊರಗೆ ಟಾಂಗಾ ಕಾಯ್ತಾ ಇತ್ತು. ‘ಇನ್ನೂರು ಕೊಡ್ರಿ.’ ನಾವು ನಡೆದಷ್ಟೂ ದೂರ ಕುದುರೆ ಹಿಂದೆಯೇ ಟಕ್ ಟಕ್ ಅಂತ ಬಂತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅಂತಾರಲ್ಲ, ನಮ್ಮೂರಲ್ಲಿ ಅದು ಸ್ವಲ್ಪ ಮುಂಚೆನೇ ಹೊರಟುಬಿಡುತ್ತೆ. ಬಿಸಿಲು ಏರತೊಡಗಿತ್ತು.

ಜುಮ್ಮಾ ಮಸೀದಿ ತಣ್ಣಗಿತ್ತು. 1565ರ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಒಂದನೇ ಆಲಿ ಆದಿಲ್‌ಶಾಹ ಕಟ್ಟಿಸಲು ಶುರು ಮಾಡಿದ ಮಸೀದಿ ಇದು. ನೆಲದ ತುಂಬ ಒಬ್ಬೊಬ್ಬರು ನಿಂತು ನಮಾಜು ಮಾಡುವಷ್ಟು ಜಾಗಕ್ಕೆ ಗೆರೆ ಎಳೆದಿದ್ದಾರೆ, ಎರಡು ಸಾವಿರಕ್ಕೂ ಜಾಸ್ತಿ ಮನೆಗಳು. ‘ಎಲ್ಲರಿಗೂ ರಿಸರ್ವೇಶನ್! ವೇಟಿಂಗ್ ಲಿಸ್ಟೇ ಇಲ್ಲ!’ ಅಂತ ಚಿಕ್ಕಪ್ಪನ ಮುಖ ಅರಳಿತು. ಅಲ್ಲಿಂದ ಅಸರ್ ಮಹಲ್. ಅದರ ಒಳಗೆ ಹೆಂಗಸರಿಗೆ ಪ್ರವೇಶ ಇಲ್ಲ. ‘ಒಳ್ಳೇದೇ ಆಯ್ತು ಬಿಡಿ,’ ಅಂತ ಚಿಕ್ಕಮ್ಮ ನೆರಳಲ್ಲಿ ಕಾಲು ಚಾಚಿ ಕೂತರು. ಚಿಕ್ಕಪ್ಪ ಹೊರಗೆ ಬರುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸಿನಿಂದ ಶೇಂಗಾ ಚಟ್ನಿ ಕುಟ್ಟುವ ವಿಧಾನ ಕಲಿತು, ಅವರ ಮಗಳಿಗೆ ಗಂಡು ನೋಡುವ ಮಾತಿಗೂ ಬಂದಿದ್ದರು. ಟೈಮ್ ಟೇಬಲ್ ಅಲ್ಲೇ ಹಳಿ ತಪ್ಪಿತು.

ಬಾರಾ ಕಮಾನಿನ ಹೊತ್ತಿಗೆ ಚಿಕ್ಕಪ್ಪ ಎಡಗಾಲು ಎಳೀತಾ ಇದ್ದರು. ಎರಡನೇ ಆಲಿ ಆದಿಲ್‌ಶಾಹ ತನ್ನ ಗೋರಿಯನ್ನ ಭಾರಿಯಾಗಿ ಕಟ್ಟಿಸಲು ಹೊರಟು, 1672ರಲ್ಲಿ ತೀರಿಹೋದ. ಕಮಾನುಗಳು ಹಾಗೇ ಆಕಾಶಕ್ಕೆ ಬಾಯಿ ತೆರೆದು ನಿಂತಿವೆ. ನನಗೆ ಈ ಊರಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಇದೇ. ಐದು ನಿಮಿಷದ ನಿಲುಗಡೆ ಮುಕ್ಕಾಲು ಗಂಟೆ ಆಯಿತು, ಯಾಕಂದ್ರೆ ಚಿಕ್ಕಮ್ಮ ಹುಲ್ಲಿನ ಮೇಲೆ ಸೆರಗು ಹೊದ್ದು ಮಲಗೇಬಿಟ್ಟರು.

ಹೊರಗೆ ಬಂದರೆ ಟಾಂಗಾದವ ಚಿಕ್ಕಪ್ಪನ ಮುಖ ನೋಡಲಿಲ್ಲ, ಕಾಲು ನೋಡಿದ. ‘ಮುನ್ನೂರು ಕೊಡ್ರಿ.’

‘ಆಗ್ಲೇ ಇನ್ನೂರು ಅಂದ್ಯಲ್ಲಪ್ಪಾ?’

‘ಆವಾಗ ನೀವ್ ಚೆಂದ ನಡೀತಿದ್ರಿ.’

ಹಟಕ್ಕೆ ಬಿದ್ದು ಉಪ್ಲಿ ಬುರುಜಿನವರೆಗೂ ನಡೆದೆವು. ಸುಮಾರು 80 ಅಡಿ ಎತ್ತರದ ಈ ಬುರುಜಿಗೆ ಮೆಟ್ಟಿಲು ಹೊರಗಡೆಯಿಂದ ಸುತ್ತಿಕೊಂಡು ಹೋಗುತ್ತೆ. ನೆರಳು ಇಲ್ಲ. ಅರ್ಧ ಹತ್ತಿದಾಗ ಚಿಕ್ಕಪ್ಪನ ಚಪ್ಪಲಿಯ ಉಂಗುಷ್ಟ ಕಿತ್ತು ಬಂತು. ಚಿಕ್ಕಮ್ಮ ಮಾತಾಡದೆ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ಬಾರಿನ ಎರಡೂ ತುದಿ ಸೇರಿಸಿ ಚುಚ್ಚಿ, ಹಲ್ಲಿನಿಂದ ಒತ್ತಿ ಮುಚ್ಚಿದರು. ‘ಈಗ ನಡೀರಿ. ರಾಜರ ಊರು.’ ಮೇಲೆ ಉದ್ದನೆಯ ಎರಡು ತೋಪುಗಳಿವೆ. ಮುಟ್ಟಿದರೆ ಕೈ ಸುಡ್ತಿತ್ತು. ನಮಗೆ ಕಂಡಿದ್ದು ಮಾತ್ರ ಕೆಳಗೆ ನೆರಳಲ್ಲಿ ನಿಂತು ಹುಲ್ಲು ತಿನ್ನುತ್ತಿದ್ದ ಕುದುರೆ.

ಮಲಿಕ್-ಎ-ಮೈದಾನ್ ತೋಪು ಅಲ್ಲಿಂದ ದೂರವಿಲ್ಲ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಬಾಯಿ ಸಿಂಹದ್ದು, ಆ ಬಾಯಿಗೆ ಸಿಕ್ಕಿದ ಆನೆಯನ್ನೂ ಕೆತ್ತಿದ್ದಾರೆ. ಇದರ ಕತೆ ಚಿಕ್ಕಪ್ಪ ಬಹಳ ಹೊತ್ತಿನಿಂದ ಕಾದಿಟ್ಟುಕೊಂಡಿದ್ದರು. 1854ರಲ್ಲಿ ಬ್ರಿಟಿಷರು ಇದನ್ನ ಹರಾಜಿಗೆ ಇಟ್ಟರು. ಬಂದ ದೊಡ್ಡ ಬೋಲಿ ನೂರೈವತ್ತೇ ರೂಪಾಯಿ. ಅಷ್ಟಕ್ಕೆ ಕೊಡೋದಾ ಅಂತ ಹರಾಜನ್ನೇ ರದ್ದು ಮಾಡಿದರು. ಇದನ್ನ ಅವರು ನನಗೆ ಹೇಳಲಿಲ್ಲ, ನೇರ ಟಾಂಗಾದವನಿಗೇ ಹೇಳಿದರು. ಯಾಕಂದ್ರೆ ಅವನು ಆಗ ಇಬ್ರಾಹಿಂ ರೋಜಾಕ್ಕೆ ನಾನೂರು ಅಂದಿದ್ದ.

‘ಇಷ್ಟು ದೊಡ್ಡ ತೋಪಿಗೇ ನೂರೈವತ್ತು ಕೇಳಿದ್ರಂತೆ! ನೀನು ನಾನೂರು ಅಂತೀಯಲ್ಲಪ್ಪಾ?’

‘ಖರೇನರಿ ಯಜಮಾನ್ರ. ಆದ್ರ ತೋಪ್ ನಿಮ್ಮನ್ನ ಹೊತಗೊಂಡ ಹೋಗಂಗಿಲ್ರಿ.’

ಚಿಕ್ಕಮ್ಮ ಆಗಲೇ ಟಾಂಗಾದಲ್ಲಿ ಕೂತಿದ್ದರು.

ದಾರಿಯಲ್ಲಿ ಚಿಕ್ಕಪ್ಪ ನೋಟ್‌ಬುಕ್ ತೆಗೆದು ‘ತಾಜ್ ಬಾವಡಿ’ ಅನ್ನೋದರ ಮುಂದೆ ‘ನಿಲುಗಡೆ ರದ್ದು’ ಅಂತ ಬರೆದರು. ಚಿಕ್ಕಮ್ಮ ಟಾಂಗಾದವನನ್ನ ಮಾತಿಗೆಳೆದರು. ಮುಂಜಾನೆ ಏನಾದರೂ ತಿಂದ್ಯೇನಪ್ಪಾ ಅಂದರೆ ಅವನು ಖುಷಿಯಿಂದ, ‘ತಿಂದೀನ್ರಿ ಅವ್ವಾರ. ಗೇಟಿನ ಮುಂದ ಯಜಮಾನ್ರ ಜೋಡಿನ ನಿಂತ ತಿಂದ್ನಿ. ನಾನು ಎರಡ, ಅವರು ನಾಕು,’ ಅಂದ. ಕುದುರೆ ಸದ್ದು ಬಿಟ್ಟರೆ ಟಾಂಗಾದಲ್ಲಿ ಬೇರೆ ಸದ್ದಿರಲಿಲ್ಲ.

ಇಬ್ರಾಹಿಂ ರೋಜಾಕ್ಕೆ ಮುಟ್ಟಿದ್ದು ಸಂಜೆ. ಎರಡನೇ ಇಬ್ರಾಹಿಂ ಆದಿಲ್‌ಶಾಹ, ಅವನ ಬೇಗಂ ತಾಜ್ ಸುಲ್ತಾನಾ ಅಲ್ಲಿದ್ದಾರೆ. ಕಲ್ಲಿನ ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲರಿ ಮಾಡಿ ಕೊರೆದಿದ್ದಾರೆ, ಬೆಳಕು ಆ ಅಕ್ಷರಗಳ ಸಂದಿಯಿಂದಲೇ ಒಳಗೆ ಬರಬೇಕು. ನಾನೂ ಚಿಕ್ಕಮ್ಮನೂ ಅದನ್ನ ನೋಡಿ ತಿರುಗಿದರೆ ಚಿಕ್ಕಪ್ಪ ಕಂಬಕ್ಕೆ ಒರಗಿ, ಪಿನ್ನಿನ ಚಪ್ಪಲಿ ಪಕ್ಕದಲ್ಲಿಟ್ಟು, ಗಾಢ ನಿದ್ದೆಯಲ್ಲಿದ್ದರು.

ಮುಚ್ಚುವ ಹೊತ್ತಾಯಿತು ಅಂತ ಕಾವಲಿನವನು ಜೋರಾಗಿ ಸೀಟಿ ಊದಿದ. ಚಿಕ್ಕಪ್ಪ ದಡಬಡಿಸಿ ಎದ್ದು, ಬಲಗೈ ಎತ್ತಿ ಹಸಿರು ಬಾವುಟ ಬೀಸಿದರು. ಕೈಯಲ್ಲಿ ಬಾವುಟ ಇರಲಿಲ್ಲ, ಮೈಯಲ್ಲಿ ಎಚ್ಚರ ಇರಲಿಲ್ಲ. ‘ಹತ್ರಿ ಹತ್ರಿ, ಗಾಡಿ ಬಿಡ್ತು!’

ಗೇಟಿನ ಆಚೆಯಿಂದ ಉತ್ತರ ಬಂತು. ‘ಬಿಟ್ಟಿಲ್ರಿ ಯಜಮಾನ್ರ, ನಿಂತೀನಿ. ವಾಪಸ್ ಹೋಗಾಕ ಬ್ಯಾರೆ ರೇಟ್ ಐತ್ರಿ.’