ಶಿಕ್ಷಣವೊಂದೇ ಸಾಲದು

ಅಮೆರಿಕದ ಕಪ್ಪು–ಬಿಳಿಯರ ಆಸ್ತಿ ಅಂತರ ತಗ್ಗಲು ಒಳ್ಳೆಯ ಶಿಕ್ಷಣ ಸಿಕ್ಕರೆ ಸಾಕು ಎಂದಿದ್ದಾರೆ ನಿಮ್ಮಲ್ಲಿ ಪ್ರಕಟವಾದ ಲೇಖನದ ಲೇಖಕರು. ಒಪ್ಪುವುದು ಕಷ್ಟ ಸಾರ್. ಈ ಅಂತರ ಬೆಳೆಯಲು ಕಾನೂನೇ ದಾರಿ ಮಾಡಿಕೊಟ್ಟಿದೆ. ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕು ಕೊಟ್ಟ 1935ರ ಕಾಯ್ದೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ದಕ್ಷಿಣದ ರಾಜ್ಯಗಳಲ್ಲಿ ಹೆಚ್ಚಿನ ಕಪ್ಪು ಜನರಿಗೆ ಆ ಕೆಲಸಗಳೇ ಆಸರೆಯಾಗಿದ್ದವು.

ದಕ್ಷಿಣದ ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರವನ್ನು ನೆನಪಿಸಿಕೊಳ್ಳಿ. 1968ರ ಫೆಬ್ರವರಿಯಲ್ಲಿ, ಮಳೆ ಜೋರಾಯಿತೆಂದು ಕಸದ ಲಾರಿಯ ಹಿಂಭಾಗದಲ್ಲಿ ನಿಂತಿದ್ದ ಇಬ್ಬರು ಕಪ್ಪು ಪೌರಕಾರ್ಮಿಕರು ಕಸ ಒತ್ತುವ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಮಂದಿ ‘ನಾನು ಮನುಷ್ಯ’ ಎಂಬ ಫಲಕ ಹಿಡಿದು ಮುಷ್ಕರ ಹೂಡಿದರು. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದದ್ದು ಇವರ ಬೆಂಬಲಕ್ಕೆ ಹೋದಾಗಲೇ. ಕೊನೆಗೂ ಏಪ್ರಿಲ್‌ನಲ್ಲಿ ನಗರಾಡಳಿತ ಸಂಘಕ್ಕೆ ಮಾನ್ಯತೆ ಕೊಟ್ಟಿತು, ಕೂಲಿ ಏರಿಸಲೂ ಒಪ್ಪಿತು. ಯಾವ ಡಿಗ್ರಿ ಇದನ್ನು ಕೊಡಿಸುತ್ತಿತ್ತು ಹೇಳಿ?

ಇನ್ನು ತೆರಿಗೆ. ಸಂಬಳಕ್ಕೆ ಗರಿಷ್ಠ ಫೆಡರಲ್ (ಕೇಂದ್ರ ಸರ್ಕಾರದ) ದರ ಶೇ 37. ವರ್ಷ ದಾಟಿಸಿ ಮಾರಿದ ಷೇರಿನ ಲಾಭಕ್ಕೆ ಮೂಲ ದರ ಶೇ 20 ಮೀರುವುದಿಲ್ಲ. ಮಾರದೆ ಮಕ್ಕಳಿಗೆ ಬಿಟ್ಟು ಸತ್ತರೆ, ಅಲ್ಲಿವರೆಗೆ ಏರಿದ ಬೆಲೆಗೆ ಆದಾಯ ತೆರಿಗೆಯೇ ಇಲ್ಲ! ಇದರ ಲಾಭ ಸಿಗುವುದು ತಲೆಮಾರುಗಳಿಂದ ಆಸ್ತಿ ಮಾಡಿಕೊಂಡು ಬಂದ ಮನೆತನಗಳಿಗೆ. ಇಷ್ಟು ದೊಡ್ಡ ವಿಷಯ ಲೇಖನದಲ್ಲಿ ಒಂದು ಸಾಲಿನಷ್ಟೂ ಇಲ್ಲದ್ದು ಬೇಸರ ತಂದಿತು.