ಸ್ಪಷ್ಟನೆ: ತೈಪಿಂಗ್ ರಾಜಧಾನಿ ಬಿದ್ದದ್ದು ಗಾರ್ಡನ್ ಪಡೆಯಿಂದಲ್ಲ

ಚೀನಾದ ತೈಪಿಂಗ್ ದಂಗೆಯನ್ನು (1851–64) ಅಡಗಿಸಿದ್ದು ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ಗಾರ್ಡನ್‌ನ ಪಡೆ ಎಂಬ ಮಾತು ಹರಿದಾಡುತ್ತಿದೆ. ಅದು ತಪ್ಪು. ಕೆಲವೇ ಸಾವಿರ ಜನರ ಆ ಪಡೆ ಶಾಂಘೈ, ಸುಝೌ ಕಡೆ ನೆರವಾಯಿತು, ನಿಜ. ಆದರೆ 1864ರ ಮೇ ತಿಂಗಳಲ್ಲೇ ಅದನ್ನು ವಿಸರ್ಜಿಸಲಾಗಿತ್ತು. ದಂಗೆಕೋರರ ರಾಜಧಾನಿ ನಾನ್‌ಜಿಂಗ್ ಬಿದ್ದದ್ದು ಜುಲೈ 19ರಂದು, ಚೀನಾ ಆಳುತ್ತಿದ್ದ ಚಿಂಗ್ ದೊರೆಗಳ ಪರವಾದ ಹುನಾನ್ ಸೈನ್ಯ ಕೋಟೆಗೋಡೆಯಡಿ ಸುರಂಗ ಕೊರೆದು ಮದ್ದು ಸಿಡಿಸಿದಾಗ.

ಗೋಡೆಗಿಂತ ಮೊದಲೇ ದಂಗೆಕೋರರ ರಾಜ್ಯ ಒಳಗೆ ಟೊಳ್ಳಾಗಿತ್ತು. ನಾಯಕ ಹಾಂಗ್ ಷಿಯುಚ್ವಾನ್ ತಾನು ಏಸುವಿನ ತಮ್ಮನೆಂದು ನಂಬಿದ್ದ. ಹಿಂದೆ ಇದ್ದಿಲು ಸುಡುತ್ತಿದ್ದ ಸೇನಾಪತಿ ಯಾಂಗ್ ಷಿಯುಚಿಂಗ್ ಮೈಮೇಲೆ ದೇವರು ಬಂದಾಗ ದೇವರ ದನಿಯಲ್ಲೇ ಅಪ್ಪಣೆ ಕೊಡುತ್ತಿದ್ದ. 1853ರ ಕೊನೆಗೆ ಆ ದನಿ ಹಾಂಗ್‌ನಿಗೇ 40 ಏಟು ವಿಧಿಸಿತು. ಅವನು ಅಡ್ಡಬಿದ್ದು ಒಪ್ಪಿಕೊಂಡ ಮೇಲೆ ಮನ್ನಾ ಮಾಡಿತು. ಎಡವಟ್ಟಾದದ್ದು ಇಲ್ಲೇ: ದೇವರ ಆಜ್ಞೆಗೆ ಮೇಲ್ಮನವಿಯಿಲ್ಲ. ತಕರಾರು ತೀರಿಸಲು ಉಳಿದದ್ದು ಕತ್ತಿಯೊಂದೇ. 1856ರ ಸೆಪ್ಟೆಂಬರ್‌ನಲ್ಲಿ ಯಾಂಗ್‌ನನ್ನೂ ಅವನ ಸಾವಿರಾರು ಕಡೆಯವರನ್ನೂ ಕೊಂದರು. ಮರುವರ್ಷ ಸಮರ್ಥ ದಂಡನಾಯಕ ಷೀ ದಾಕಾಯ್ ದೊಡ್ಡ ಪಡೆಯೊಂದಿಗೆ ಹೊರಟೇಹೋದ.

1863ರ ಕೊನೆಗೆ ದವಸ ಬರುವ ದಾರಿಗಳು ಮುಚ್ಚುತ್ತಿದ್ದವು. ರಾಜಧಾನಿ ಬಿಡೋಣವೆಂದು ಸೇನಾಪತಿ ಲೀ ಷಿಯುಚೆಂಗ್ ಅಂಗಲಾಚಿದ. ದೇವರ ಆಜ್ಞೆಯಿಂದ ಬಂದ ನನಗೆ ಯಾವ ಭಯ ಎಂದ ಹಾಂಗ್. ಅನ್ನವಿಲ್ಲದಾಗ ಅರಮನೆ ಅಂಗಳದ ಕಳೆ ಕಿತ್ತು ಉಂಡೆ ಮಾಡಿಸಿ, ಇದೇ ದೇವರು ಕೊಟ್ಟ ಸಿಹಿ ಇಬ್ಬನಿ, ಜನರೂ ಇದನ್ನೇ ತಿನ್ನಲಿ ಎಂದ. ಸೆರೆಸಿಕ್ಕ ಮೇಲೆ ಲೀ ಬರೆದ ಹೇಳಿಕೆಯಲ್ಲಿ ಇದೆಲ್ಲ ದಾಖಲಾಗಿದೆ. ಹಾಂಗ್ 1864ರ ಜೂನ್ 1ರಂದು ಸತ್ತ. ಊರೊಳಗೆ ಹಸಿದವರು ಇನ್ನೂ ಏಳು ವಾರ ಕಾದರು.