ಬಿಸಿಲೂರಿನಲ್ಲಿ ಕೊಳೆತು ಸಾಯುವ ಗಿಡಗಳು

ಕಲಬುರಗಿಯಲ್ಲಿ ಮನೆಯೊಳಗಿನ ಗಿಡ ಸತ್ತರೆ ಅಪವಾದವೆಲ್ಲ ಬಿಸಿಲಿನ ತಲೆಗೆ. ಮೇ ತಿಂಗಳಲ್ಲಿ ಪಾರಾ 42 ದಾಟುವ ಊರಿನಲ್ಲಿ ಇನ್ಯಾರನ್ನು ಬೈಯಬೇಕು? ಆದರೆ ಸತ್ತ ಗಿಡವನ್ನು ಕುಂಡದಿಂದ ಕಿತ್ತು ನೋಡಿ. ಬೇರು ಕರ್ರಗೆ, ಮೆತ್ತಗೆ. ಹಿಡಿದೆಳೆದರೆ ಸಿಪ್ಪೆ ಜಾರುತ್ತದೆ, ಚರಂಡಿ ವಾಸನೆ ಬೇರೆ. ಅದು ಒಣಗಿ ಸತ್ತದ್ದಲ್ಲ, ಮುಳುಗಿ ಸತ್ತದ್ದು. “ಪಾಪ, ಬಿಸಲಾಗ ಒಣಗ್ತದರಿ, ಒಂದ್ ತಂಬಗಿ ನೀರ್ ಹಾಕ್ರಿ” ಎಂಬ ಕರುಣೆಗೆ ಬಲಿಯಾದ ಜೀವ. ಮುಂಜಾನೆ ಅತ್ತೆ, ಮಧ್ಯಾಹ್ನ ಸೊಸೆ, ಸಂಜೆ ಮನೆಯ ಯಜಮಾನರು, ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಇದರಲ್ಲಿ ಎರೆಮಣ್ಣಿನ ಪಾಲೂ ಇದೆ. ತೊಗರಿಗೆ, ಹಿಂಗಾರಿ ಜೋಳಕ್ಕೆ ಬಂಗಾರವಾದ ಮಣ್ಣು ಕುಂಡಕ್ಕೆ ಇಳಿದರೆ ಕುತ್ತು. ತೇವ ಹಿಡಿದಿಡುವುದು ಹೊಲದಲ್ಲಿ ಅದರ ಗುಣ, ಕುಂಡದಲ್ಲಿ ಅದೇ ದೋಷ. ನೀರು ಕುಡಿದು ಉಬ್ಬಿತೆಂದರೆ ಗಾಳಿಯ ಸಂದುಗಳು ಮುಚ್ಚಿ ಬೇರಿಗೆ ಉಸಿರು ಕಟ್ಟುತ್ತದೆ. ಒಣಗಿತೆಂದರೆ ಬಿರಿದು ಕುಂಡದ ಗೋಡೆ ಬಿಡುತ್ತದೆ. ಆಗ ಹಾಕಿದ ನೀರು ಬೇರನ್ನು ಮುಟ್ಟದೆ ಅಂಚಿನಿಂದಲೇ ತಟ್ಟೆಗೆ ಓಡುತ್ತದೆ. ಅದರ ಬದಲು ಕೊಕೊಪೀಟ್ ಅಂದರೆ ತೆಂಗಿನ ನಾರಿನ ಪುಡಿ ಎರಡು ಪಾಲು, ಎರೆಹುಳು ಗೊಬ್ಬರ ಒಂದು ಪಾಲು, ಪರ್ಲೈಟ್ ಎಂಬ ಹಗುರ ಬಿಳಿ ಹರಳು ಇಲ್ಲವೇ ದಪ್ಪ ಮರಳು ಒಂದು ಪಾಲು ಕಲಸಿದರೆ ಸಾಕು. ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ ಎರಡು ಸಲ ಹಿಂಡಿ ಉಪ್ಪು ತೆಗೆಯುವುದನ್ನು ಮರೆಯಬಾರದು. ಬೀದರಿನವರಿಗೆ ಕೆಮ್ಮಣ್ಣು ಕಾಲಡಿಯಲ್ಲೇ ಇದೆ. ಒಂದು ಪಾಲು ಅದನ್ನೂ ಸೇರಿಸಬಹುದು. ಕುಂಡದ ತಳಕ್ಕೆ ಕಲ್ಲು ಹಾಸಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬುದು ಹುಸಿ ನಂಬಿಕೆ. ಕಲ್ಲಿನ ಮೇಲಿನ ಮಣ್ಣು ನೆನೆದೇ ಇರುತ್ತದೆ. ಅದರಲ್ಲೂ ಶಹಾಬಾದ ಫರಸಿಯ ಚೂರು ಬೇಡವೇ ಬೇಡ, ಅದು ಸುಣ್ಣದ ಕಲ್ಲು. ತಳದಲ್ಲಿ ತೂತಿದ್ದರೆ ಆಯಿತು.

ನೀರು ಎಷ್ಟು ದಿನಕ್ಕೊಮ್ಮೆ ಎಂದು ಕ್ಯಾಲೆಂಡರ್ ನೋಡುವವರಿಗಿಂತ ಬೆರಳು ಚುಚ್ಚಿ ನೋಡುವವರ ಗಿಡ ಹೆಚ್ಚು ದಿನ ಬಾಳುತ್ತದೆ. ಎರಡು ಇಂಚು ಆಳಕ್ಕೆ ಒಣಗಿದ್ದರೆ ಮಾತ್ರ ನೀರು. ಹಾಕುವಾಗ ತೂತಿನಿಂದ ಇಳಿಯುವಷ್ಟು ಹಾಕಿ, ಅರ್ಧ ಗಂಟೆಯ ನಂತರ ತಟ್ಟೆ ಚೆಲ್ಲಬೇಕು. ಆರು ಇಂಚಿನ ಕುಂಡದ ಮನಿಪ್ಲಾಂಟಿಗೆ ಬೇಸಿಗೆಯಲ್ಲಿ ಹೆಚ್ಚುಕಮ್ಮಿ ಮೂರು ನಾಲ್ಕು ದಿನಕ್ಕೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಬೇಕಾದೀತು. ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್ ಎರಡು ವಾರ ಮರೆತರೂ ಮುನಿಯುವುದಿಲ್ಲ. ಹೊಸಬರು ಈ ಮೂರರಿಂದಲೇ ಶುರುಮಾಡುವುದು ಕ್ಷೇಮ. ಚಿತ್ತಾರದ ಎಲೆಯ ಕಲಾಥಿಯಾ ಎಷ್ಟೇ ಚೆಂದ ಕಂಡರೂ ಮೊದಲ ಬೇಸಿಗೆಗೆ ಬೇಡ.

ಯಾವ ನೀರು ಎಂಬುದೂ ಮುಖ್ಯ. ಕೂಲರ್ ಟ್ಯಾಂಕಿನ ತಳದ ನೀರು ವ್ಯರ್ಥವಾಗದಿರಲೆಂದು ಗಿಡಕ್ಕೆ ಸುರಿಯುವವರಿದ್ದಾರೆ. ನೀರು ಆವಿಯಾಗಿ ಹೋದರೂ ಬೋರ್‌ವೆಲ್ಲಿನ ಉಪ್ಪೆಲ್ಲ ಅಲ್ಲೇ ಉಳಿದು ಗಟ್ಟಿಯಾಗಿರುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರೂ ಇದೇ ಜಾತಿ. ನೆಲ ಒರೆಸಲು ಸರಿ, ಕುಂಡಕ್ಕಲ್ಲ. ಮಣ್ಣಿನ ಮೇಲೆ ಬಿಳಿ ಪದರ, ಎಲೆಯ ತುದಿಗೆ ಕಂದು ಸುಟ್ಟ ಗೆರೆ ಕಂಡರೆ ಉಪ್ಪು ಏರಿದೆ ಎಂದರ್ಥ. ಆಗ ಕುಂಡದ ಮೂರು ಪಟ್ಟು ಒಳ್ಳೆಯ ನೀರನ್ನು ನಿಧಾನವಾಗಿ ಸುರಿದು ತೊಳೆಯಬೇಕು. ಮಳೆನೀರು ಸಿಕ್ಕರೆ ಭಾಗ್ಯ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ.

ಬಿಸಿಲಿನ ತಪ್ಪು ಇಲ್ಲವೇ ಇಲ್ಲ ಎಂದಲ್ಲ. ತೂತುಬಿದ್ದ ದೊಡ್ಡ ಎಲೆಯ ಮಾನ್ಸ್ಟೆರಾ ದಕ್ಷಿಣ ಮೆಕ್ಸಿಕೋದ ಕಾಡಿನಲ್ಲಿ, ದೊಡ್ಡ ಮರಗಳ ನೆರಳಿನಲ್ಲಿ ಬೆಳೆದು ಬಂದ ಕುಲ. ಅದನ್ನು ಪಡುವಣ ಕಿಟಕಿಗೆ ಒಡ್ಡಿದರೆ ಒಂದೇ ಮಧ್ಯಾಹ್ನದಲ್ಲಿ ಎಲೆ ಬಿಳಿಚಿ ಸುಡುತ್ತದೆ; ಸುಟ್ಟದ್ದು ಮತ್ತೆ ಹಸಿರಾಗುವುದಿಲ್ಲ. ಮೂಡಣ ಕಿಟಕಿ ಒಳ್ಳೆಯದು, ಇಲ್ಲವಾದರೆ ತೆಳು ಪರದೆಯ ಹಿಂದೆ ಮೂರು ನಾಲ್ಕು ಅಡಿ ದೂರ. ಎಲೆಗೆ ನೀರು ಚಿಮುಕಿಸುವುದು ಮನಸ್ಸಮಾಧಾನಕ್ಕೆ. ಇಲ್ಲಿಯ ಒಣಗಾಳಿಗೆ ಅದು ಕ್ಷಣದಲ್ಲಿ ಆರಿಹೋಗುತ್ತದೆ. ಕೂಲರ್ ಇರುವ ಕೋಣೆಯಲ್ಲಿ, ನೇರ ಗಾಳಿ ತಗುಲದಂತೆ ನಾಲ್ಕಾರು ಕುಂಡ ಒತ್ತಟ್ಟಿಗೆ ಇಟ್ಟರೆ ನಿಜವಾದ ತೇವ ಸಿಗುತ್ತದೆ. ದೂಳು ಹಿಡಿದ ಎಲೆಯನ್ನು ವಾರಕ್ಕೊಮ್ಮೆ ಒದ್ದೆ ಅರಿವೆಯಿಂದ ಒರೆಸಿ, ಹೊಳಪಿಗೆಂದು ಕೊಬ್ಬರಿ ಎಣ್ಣೆ ಮಾತ್ರ ಬೇಡ. ಒಣ ಸೆಕೆಯಲ್ಲಿ ಎಲೆಯ ಅಡಿಗೆ ನುಸಿ ಬಲೆ ಕಟ್ಟಿದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಕಲಕಿ ಸಂಜೆ ಹೊತ್ತು ಸಿಂಪಡಿಸಬೇಕು. ವಾರ ಬಿಟ್ಟು ಇನ್ನೊಮ್ಮೆ.

ಕುಂಡ ಬದಲಿಸಲು ಮುಂಗಾರು ಬರಲಿ. ಹಳೆಯದಕ್ಕಿಂತ ಎರಡು ಇಂಚು ದೊಡ್ಡದು ಸಾಕು. ಮಗು ಬೆಳೆಯುತ್ತದೆಂದು ದೊಡ್ಡ ಅಂಗಿ ಹೊಲಿಸುವ ಲೆಕ್ಕ ಇಲ್ಲಿ ನಡೆಯದು, ಬೇರಿಲ್ಲದ ಮಣ್ಣು ಒದ್ದೆಯಾಗಿಯೇ ಕೂತಿರುತ್ತದೆ.

ಕದ್ದ ಮನಿಪ್ಲಾಂಟೇ ಚೆನ್ನಾಗಿ ಹಬ್ಬುತ್ತದಂತೆ. ಕದಿಯುವವರು ಗೆಣ್ಣು ನೋಡಿ, ಅದರ ಅರ್ಧ ಇಂಚು ಕೆಳಗೆ ಕತ್ತರಿಸಲಿ. ಬರೀ ಎಲೆ ಕಿತ್ತರೆ ಬಳ್ಳಿ ಹುಟ್ಟದು, ಪಾಪವಷ್ಟೇ ಗಂಟು. ಬಾಟಲಿಯ ನೀರನ್ನು ಐದು ದಿನಕ್ಕೊಮ್ಮೆ ಬದಲಿಸುತ್ತಿದ್ದು, ಬೇರು ಎರಡು ಇಂಚು ಬಂದ ಮೇಲೆ ಕುಂಡಕ್ಕೆ ಹಚ್ಚಬಹುದು.